ಪ್ರಾರ್ಥನೆಯ ನಡುವೆ ಆಮೆನ್

“ಕೃಪೆಯುಳ್ಳ ತಂದೆಯೇ, ನಮ್ಮ ಮೊಮ್ಮಗಳಿಗಾಗಿ ಸ್ವದೇಶದ ಹಾಸ್ಟೆಲಿನಲ್ಲಿ ಒಂದು ಸ್ಥಳವನ್ನು ತೆರೆದುಕೊಟ್ಟಿದ್ದೀಯಲ್ಲ, ಅದಕ್ಕಾಗಿ ನಿನಗೆ ಸ್ತೋತ್ರ. ಬರುವ ತಿಂಗಳು ಅವಳು ಸುಖವಾಗಿ ಪ್ರಯಾಣ ಮಾಡುವಂತೆ ಅನುಗ್ರಹಿಸು. ಅವಳನ್ನು ಹೆತ್ತವಳ ಕಠಿಣವಾದ ಹೃದಯವನ್ನು ಮೇಣದಂತೆ ಕರಗಿಸು ಕರ್ತನೇ...”

ಚಾಪೆಯ ಮೇಲೆ ಮೊಣಕಾಲೂರಿ ಕಣ್ಣು ಮುಚ್ಚಿದ್ದ ಸೊಸೆಗೆ ಇದು ಹೊಸ ಸುದ್ದಿ. ಹಾಸ್ಟೆಲೇ? ಯಾವ ಹಾಸ್ಟೆಲು? ಕೇಳಿದವರು ಯಾರು, ಒಪ್ಪಿದವರು ಯಾರು? ಅವಳು ರೆಪ್ಪೆಯನ್ನು ಒಂದಿಷ್ಟೇ ಎತ್ತಿ ನೋಡಿದಳು. ಪಕ್ಕದಲ್ಲಿ ಮಗಳು ಕಣ್ಣನ್ನು ಗಟ್ಟಿಯಾಗಿ ಹಿಂಡಿಕೊಂಡು ಕೂತಿತ್ತು. ಅಜ್ಜಿ ತನ್ನನ್ನೇ ಸಾಗಹಾಕುತ್ತಿದ್ದಾಳೆ ಎಂಬುದು ಅದರ ತಲೆಗೆ ಇನ್ನೂ ಇಳಿದಿರಲಿಲ್ಲ. ಆಚೆ ಕಡೆ ಗಂಡ ತಲೆ ತಗ್ಗಿಸಿದ್ದ. ಎದುರಿಗೆ ಅತ್ತೆಯ ಮುಖ ಮೇಲಕ್ಕೆ ಎತ್ತಿತ್ತು, ಆಗ ತಾನೇ ತೊಳೆದ ತಟ್ಟೆಯ ಹಾಗೆ ನಿರ್ಮಲವಾಗಿತ್ತು.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಒಬ್ಬರು ಪ್ರಾರ್ಥಿಸುವಾಗ ಇನ್ನೊಬ್ಬರು ಉಸಿರೆತ್ತುವಂತಿಲ್ಲ. ಪ್ರಾರ್ಥನೆ ಮುಗಿದ ಮೇಲೆ, ಅದರಲ್ಲಿ ಹೇಳಿದ ಮಾತನ್ನು ಯಾರೂ ಯಾರನ್ನೂ ಕೇಳುವಂತಿಲ್ಲ. ದೇವರ ಕಿವಿಗೆ ಹಾಕಿದ್ದನ್ನು ಮನುಷ್ಯರ ಬಾಯಿಗೆ ತರಬಾರದು ಎಂದು ತೀರಿಹೋದ ಮಾವ ಮಾಡಿಟ್ಟ ನಿಯಮ. ಪಾಪ, ಅವರು ಸಾಧು ಮನುಷ್ಯ. ಇಬ್ಬರು ಹೆಂಗಸರು ಒಂದು ಒಲೆಯ ಮುಂದೆ ಬಂದು ನಿಂತರೆ ಈ ನಿಯಮಕ್ಕೆ ಏನು ಗತಿಯಾಗುತ್ತದೆಂದು ಅವರು ಯೋಚಿಸಿರಲಿಲ್ಲ. ಎದುರಿಗೆ ನಿಂತು ಬಯ್ದರೆ ತಿರುಗಿ ಬಯ್ಯಬಹುದು. ದೇವರ ಮೂಲಕ ಬಯ್ದರೆ ಆಮೆನ್ ಅನ್ನಬೇಕಾಗುತ್ತದೆ.

ಸೊಸೆಯ ಸರದಿ ಬಂತು.

“ಕರ್ತನೇ... ಬಾಗಿಲು ಮುಚ್ಚಿಕೊಂಡು ಫೋನಿನಲ್ಲಿ ಪಿಸುಗುಟ್ಟುವವರ ಆಲೋಚನೆಗಳನ್ನು ನೀನು ಬಲ್ಲೆ. ತಾಯಿಯ ಮಡಿಲಿಂದ ಮಗುವನ್ನು ಕಿತ್ತುಕೊಳ್ಳಬೇಕೆನ್ನುವವರ ಕೈಗಳನ್ನು ತಡೆ. ಹಿರಿಯರಿಗೆ ಅವರ ವಯಸ್ಸಿಗೆ ತಕ್ಕ ಬುದ್ಧಿಯನ್ನು ದಯಪಾಲಿಸು.”

“ಆಮೆನ್,” ಎಂದಳು ಅತ್ತೆ, ಎಲ್ಲರಿಗಿಂತ ಜೋರಾಗಿ.

ಕೊನೆಗೆ ಮಗನ ಸರದಿ. ಅವನು ಈ ದೇಶವನ್ನಾಳುವವರಿಗಾಗಿ ಬೇಡಿದ. ಸಭೆಯ ಸೋರುವ ಛಾವಣಿಗಾಗಿ ಬೇಡಿದ. ಕೆಳಗಿನ ಟೈರ್ ಅಂಗಡಿಯವನ ಮನಪರಿವರ್ತನೆಗಾಗಿ ಬೇಡಿದ. ಹೆಂಡತಿಯ ಹೆಸರನ್ನಾಗಲಿ ಮಗಳ ಹೆಸರನ್ನಾಗಲಿ ಎತ್ತಲಿಲ್ಲ.

ಅವರದು ಎರಡು ತಲೆಮಾರಿನ ಸೇವೆ. ಮಾವ ಯೌವನದಲ್ಲೇ ಹೆಂಡತಿಯೊಂದಿಗೆ ಸುವಾರ್ತೆ ಸಾರಲು ಈ ಪರದೇಶಕ್ಕೆ ಬಂದು, ಒಂದು ಬಾಡಿಗೆ ಹಜಾರದಲ್ಲಿ ಹತ್ತಾರು ಮಂದಿಯ ಸಣ್ಣ ಸಭೆ ಕಟ್ಟಿ, ಇಲ್ಲೇ ಮಣ್ಣಾದರು. ಮಗನನ್ನು ಆರು ವರ್ಷಕ್ಕೇ ಸ್ವದೇಶದ ಹಾಸ್ಟೆಲಿಗೆ ಕಳಿಸಿದ್ದರು. ಮಿಷನರಿಗಳ ಮಕ್ಕಳಿಗೆಂದೇ ಇದ್ದ ಹಾಸ್ಟೆಲು ಅದು. ಎಲ್ಲರೂ ಹಾಗೇ ಕಳಿಸುತ್ತಿದ್ದರು. ಮಗ ಓದಿ, ಬೋಧಕನಾಗಿ, ನರ್ಸ್ ಕೆಲಸ ಬಲ್ಲ ಹುಡುಗಿಯನ್ನು ಮದುವೆಯಾಗಿ, ನಾಲ್ಕು ವರ್ಷದ ಕೆಳಗೆ ತಂದೆಯ ಜಾಗಕ್ಕೆ ಬಂದ. ವಾರವೆಲ್ಲ ಮನೆಮನೆ ಭೇಟಿ, ಬುಧವಾರ ಸ್ತ್ರೀಯರ ಕೂಟ, ಭಾನುವಾರ ಆರಾಧನೆ. ಕೀರ್ತನೆ ಶುರುವಾದ ಕೂಡಲೇ ಟೈರ್ ಅಂಗಡಿಯವನು ಗಾಳಿ ತುಂಬುವ ಯಂತ್ರ ಹಚ್ಚುತ್ತಿದ್ದ. ಪಾದ್ರಿ ಬೋಧಿಸುವ ಪ್ರಸಂಗಕ್ಕೆ ಮಾತ್ರ ನಿಲ್ಲಿಸುತ್ತಿದ್ದ. ಪಾದ್ರಿ ಆ ದೇಶದ ಭಾಷೆಯಲ್ಲಿ ಮಾಡುವ ತಪ್ಪುಗಳನ್ನು ಕೇಳುವುದು ಅವನಿಗೆ ಮೋಜು. ನಾಲ್ಕೂವರೆ ಬೆಂಚು ತುಂಬಿದರೆ ಅದು ಒಳ್ಳೆಯ ಭಾನುವಾರ.

ಆದರೆ ಮನೆಯ ಕೆಳಗೆ, ಹಜಾರದ ಪಕ್ಕದ ಔಷಧಿ ಕೋಣೆ ಮಾತ್ರ ಖಾಲಿಯಿದ್ದ ದಿನವಿಲ್ಲ. ಅದು ಸೊಸೆ ಕಟ್ಟಿದ್ದು. ಹುಣ್ಣು ತೊಳೆಸಿಕೊಳ್ಳುವವರು, ಕಿವಿ ಸೋರುವ ಮಕ್ಕಳು, ಬಸುರಿಯರು... ಪ್ರಸಂಗಕ್ಕೆ ಬಾರದ ಬೀದಿಯೆಲ್ಲ ಅಲ್ಲಿಗೆ ಬರುತ್ತಿತ್ತು. ಊರಿನ ಹೆಂಗಸರು ಅವಳನ್ನು ನರ್ಸಮ್ಮ ಎಂದೇ ಕರೆಯುತ್ತಿದ್ದರು.

ಮಾರನೆಯ ಬೆಳಿಗ್ಗೆ ಅತ್ತೆ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಸೊಸೆ ಬಂದು ಎದುರಿಗೆ ನಿಂತಳು.

“ಅತ್ತೆ, ಹಾಸ್ಟೆಲ್ ವಿಷಯ ಯಾರನ್ನ ಕೇಳಿ ಮಾಡಿದ್ರಿ?”

“ಪ್ರಾರ್ಥನೇಲಿ ಹೇಳಿದ್ದನ್ನ ಅಡುಗೆಮನೇಲಿ ಕೇಳಬಾರದು. ನಿನ್ನ ಮಾವ ಹೇಳಿದ್ದು ಮರ್ತುಹೋಯ್ತಾ?”

“ನಾನು ದೇವರನ್ನ ಕೇಳ್ತಿಲ್ಲ. ನಿಮ್ಮನ್ನ ಕೇಳ್ತಿದೀನಿ.”

“ಕೇಳು ಹಾಗಾದ್ರೆ. ಅಲ್ಲಿನ ಮೇಟ್ರನ್ ನನ್ನ ಹಳೇ ಗೆಳತಿ. ಒಂದು ಮಾತು ಹಾಕಿದೆ, ಜಾಗ ಸಿಕ್ತು. ಶನಿವಾರದೊಳಗೆ ಹೂಂ ಅನ್ನಬೇಕು. ಇಲ್ಲಾಂದ್ರೆ ಬೇರೆಯವರ ಪಾಲು.”

“ಹೂಂ ಅನ್ನಬೇಕಾದವಳು ನಾನು. ಹೆತ್ತವಳು ನಾನು.”

“ಹೆರೋದು ಬೆಕ್ಕೂ ಹೆರತ್ತೆ. ಬೆಳೆಸೋದು ಬೇರೆ ವಿದ್ಯೆ ತಾಯಿ.”

“ನೀವು ಬೆಳೆಸಿದ್ರಾ ನಿಮ್ಮ ಮಗನ್ನ? ಹಾಸ್ಟೆಲ್ ಬೆಳೆಸ್ತು.”

“ಏನಾಯ್ತು ಅವನಿಗೆ? ಕೈ ಮುರೀತಾ, ಕಾಲು ಮುರೀತಾ? ಪಾದ್ರಿ ಆದ.”

“ಅದೇ ನೋಡಿ ಆಗಿದ್ದು. ಪ್ರಸಂಗ ಪೀಠ ಇಲ್ಲದೆ ಆ ಮನುಷ್ಯನಿಗೆ ಬಾಯೇ ಬರಲ್ಲ. ಉಪ್ಪು ಬೇಕಾದ್ರೂ ಕೇಳಲ್ಲ, ಸಪ್ಪೇನೇ ತಿಂದು ಎದ್ದು ಹೋಗ್ತಾರೆ.”

ಪಕ್ಕದ ಕೋಣೆಯಲ್ಲಿ ಭಾನುವಾರದ ಪ್ರಸಂಗ ಬರೆಯುತ್ತಿದ್ದವನ ಕುರ್ಚಿ ಕಿರುಗುಟ್ಟಿತು. ಎದ್ದು ಬರುತ್ತಾನೇನೋ ಎಂದು ಇಬ್ಬರೂ ಒಂದು ಗಳಿಗೆ ಕಾದರು. ಕುರ್ಚಿ ಸುಮ್ಮನಾಯಿತು.

ಅತ್ತೆ ಚಾಕು ಕೆಳಗಿಟ್ಟಳು. “ಆ ಮಗು ಸ್ಕೂಲಿಂದ ಬಂದ ತಕ್ಷಣ ಎಲ್ಲಿಗೆ ಹೋಗತ್ತೆ? ನಿನ್ನ ಔಷಧಿ ಕೋಣೆಗೆ. ಬೇರೆ ಮಕ್ಕಳು ಬೀದೀಲಿ ಹಗ್ಗ ಹಾರ್ತಾ ಇದ್ರೆ ನಮ್ಮದು ಸ್ಟೂಲ್ ಮೇಲೆ ಕೂತು ಕಂಡವರ ಭೇದಿ, ಕಂಡವರ ಹುಣ್ಣು, ಯಾರ ಗಂಡ ಎಲ್ಲಿಗೆ ಒದ್ದ ಅನ್ನೋದನ್ನೆಲ್ಲ ಕೇಳ್ತಾ ಇರತ್ತೆ. ಯಾಕೆ ಕೂತಿರತ್ತೆ, ನೀನೇ ಹೇಳು.”

“ನನ್ನ ಜೊತೆ ಇರೋದು ಅವಳಿಗಿಷ್ಟ.”

“ನಿನಗೆ ಬೇಕಾಗಿರೋದು ಮಗಳಲ್ಲ ಕಣೇ. ನಾಲಿಗೆ.”

ಸೊಸೆಯ ಮುಖ ಕೆಂಪಾಯಿತು. ಅತ್ತೆಯ ಮಾತು ಪೂರಾ ಸುಳ್ಳಾಗಿರಲಿಲ್ಲ. ಬಂದ ಹೊಸದರಲ್ಲಿ ಆ ದೇಶದ ಭಾಷೆಯನ್ನು ಕಲಿಯಲು ಅವಳು ಹೊರಟಿದ್ದಳು. ಅಷ್ಟರಲ್ಲಿ ರೋಗಿಗಳು ಬಾಗಿಲಿಗೆ ಬಂದುಬಿಟ್ಟರು. ಇನ್ನು ಆ ಮಗು... ಬೀದಿಯಲ್ಲಿ ಆಡುತ್ತಾ ಆಡುತ್ತಾ ಒಂದೇ ಮಳೆಗಾಲದಲ್ಲಿ ಅರಳು ಹುರಿದ ಹಾಗೆ ಮಾತಾಡಲು ಕಲಿತುಬಿಟ್ಟಿತು. ಅದಕ್ಕೇ ಅದನ್ನು ಎಲ್ಲರೂ ಗಿಣಿ ಎಂದು ಕರೆದರು. ಗಿಣಿ ಕೇಳಿ ಹೇಳುತ್ತಿತ್ತು, ನರ್ಸಮ್ಮ ಔಷಧಿ ಕೊಡುತ್ತಿದ್ದಳು. ಕೋಲು ಸಿಕ್ಕಿದ ಮೇಲೆ ಕುಂಟ ಕಾಲು ಊರುವುದನ್ನು ಬಿಡುತ್ತಾನೆ. ನಾಲ್ಕು ವರ್ಷವಾದರೂ ತಾಯಿಗೆ “ಎಲ್ಲಿ ನೋವು”, “ಬಾಯಿ ತೆಗಿ”, “ನಾಳೆ ಬಾ” ಇಷ್ಟರ ಮೇಲೆ ಮಾತು ಬೆಳೆಯಲಿಲ್ಲ.

ಬುಧವಾರದ ಸ್ತ್ರೀಯರ ಕೂಟದಲ್ಲಿ ಅತ್ತೆ ಇದನ್ನೇ ಎಲ್ಲರೂ ಬೇಡಿಕೊಳ್ಳಬೇಕಾದ ಪ್ರಾರ್ಥನಾ ವಿಷಯವಾಗಿ ಮಂಡಿಸಿದಳು. ಸಭೆ ನಡೆಸಿದವರಿಗೆ ಗೊತ್ತು, ಡಂಗುರ ಹೊಡೆಸುವುದಕ್ಕಿಂತ ಪ್ರಾರ್ಥನಾ ವಿಷಯ ಕೊಡುವುದು ಅಗ್ಗ, ವೇಗವೂ ಹೆಚ್ಚು. “ನಮ್ಮ ಮನೆಯಲ್ಲೊಂದು ಮಗು ಭಾರ ಹೊರುತ್ತಿದೆ, ಸ್ವದೇಶದ ಹಾಸ್ಟೆಲಿನಲ್ಲಿ ಅದರ ಬಿಡುಗಡೆಗಾಗಿ” ಎಂದಷ್ಟೇ ಅವಳು ಹೇಳಿದ್ದು. ಸಂಜೆಯೊಳಗೆ ಕೂಟದಲ್ಲಿದ್ದ ದರ್ಜಿ ಹೆಂಗಸು ಬಂದು ನರ್ಸಮ್ಮನ ಕೈ ಹಿಡಿದು ಕಣ್ಣೀರಿಟ್ಟಳು. ಯಾಕೆ ಅಳುತ್ತಾಳೆಂದು ನರ್ಸಮ್ಮನಿಗೆ ಗಿಣಿಯೇ ಹೇಳಬೇಕಾಯಿತು.

“ಅಮ್ಮ, ನನ್ನನ್ನ ಊರಿಗೆ ಕಳಿಸ್ತಾರಂತೆ. ಅದಕ್ಕೆ ಅಳ್ತಿದಾರೆ. ಹೌದಾ ಅಮ್ಮ?”

ತಾಯಿ ಮಗಳನ್ನು ಎದೆಗೆ ಒತ್ತಿಕೊಂಡಳು. “ಇಲ್ಲ ಕಂದ. ನಿನ್ನನ್ನ ನಾನು ಎಲ್ಲಿಗೂ ಕಳಿಸಲ್ಲ...”

ಆ ಕೋಪದಲ್ಲೇ ಅವಳು ಗಂಡನ ಕೋಣೆಗೆ ನುಗ್ಗಿದಳು. “ರೀ, ನಿಮ್ಮ ಅಮ್ಮನಿಗೆ ಒಂದು ಮಾತು ಹೇಳ್ತೀರೋ ಇಲ್ವೋ?”

“ಪ್ರಾರ್ಥನೆ ಮಾಡೋಣ,” ಎಂದ ಅವನು.

“ಮಾಡಿದ್ದು ಸಾಕು. ದೇವರಿಗೂ ಕಿವಿ ನೋವು ಬಂದಿರತ್ತೆ. ನೀವು ಮಾತಾಡಿ.”

ಅವನು ಮೂಗಿನ ಮೇಲಿನ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಹಾಕಿಕೊಂಡ. ಮತ್ತೆ ತೆಗೆದ. ಅವಳು ಬಾಗಿಲನ್ನು ಧಡಾರನೆ ಎಳೆದುಕೊಂಡು ಹೊರಗೆ ಬಂದಳು.

ಶುಕ್ರವಾರ ಔಷಧಿ ಕೋಣೆಯಲ್ಲಿ ಎಂದಿಗಿಂತ ಹೆಚ್ಚು ಜನ. ನರ್ಸಮ್ಮ ಒಬ್ಬ ಮುದುಕನ ಹಿಮ್ಮಡಿಯ ಹುಣ್ಣಿಗೆ ಅಂಟಿದ್ದ ಹಳೆಯ ಪಟ್ಟಿಯನ್ನು ಬಿಸಿನೀರಲ್ಲಿ ನೆನೆಸಿ ಬಿಡಿಸುತ್ತಿದ್ದಳು. ಗಿಣಿ ಸ್ಟೂಲಿನ ಮೇಲೆ ಕೂತು ಕಾಲಾಡಿಸುತ್ತಾ, “ತಾತ ಒದ್ದೆ ಮಾಡಬಾರದು ಅಂತ ಹೇಳಿದ್ರೂ ಗದ್ದೆಗೆ ಇಳಿದಿದ್ನಂತೆ ಅಮ್ಮ, ಸುಳ್ಳು ಹೇಳ್ತಿದಾನೆ, ಮೀನು ಹಿಡಿಯೋಕೆ ಹೋಗಿರ್ತಾನೆ,” ಎಂದು ವರದಿ ಒಪ್ಪಿಸುತ್ತಿತ್ತು. ಕಾದಿದ್ದವರು ನಕ್ಕರು. ಮುದುಕನೂ ನಕ್ಕ.

ಆಗ ಒಬ್ಬ ಹೆಂಗಸು ಜನರನ್ನು ಸರಿಸಿಕೊಂಡು ಒಳಗೆ ಬಂದಳು. ಇನ್ನೂ ಚಿಕ್ಕ ಪ್ರಾಯ. ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎರಡೂ ಕೈಯಿಂದ ಮುಂದಕ್ಕೆ ಚಾಚಿದಳು. ದೂರದಿಂದ ನಡೆದು ಬಂದಿದ್ದಳೆಂದು ಅವಳ ಕಾಲಿನ ಧೂಳೇ ಹೇಳುತ್ತಿತ್ತು. ನರ್ಸಮ್ಮ ಬಟ್ಟೆ ಬಿಡಿಸಿದಳು. ಎದೆಗೆ ಕಿವಿಗೊಟ್ಟು ಆಲಿಸಿದಳು. ರೆಪ್ಪೆ ಎತ್ತಿ ನೋಡಿದಳು. ಮತ್ತೆ ಆಲಿಸಿದಳು. ದಾರಿಯಲ್ಲೇ ಎಲ್ಲೋ ಮುಗಿದುಹೋಗಿತ್ತು... ಕೈಕಾಲು ಆಗಲೇ ತಣ್ಣಗಿತ್ತು.

ಹೆಂಗಸು ಏನೋ ಕೇಳಿದಳು. ಮತ್ತೆ ಕೇಳಿದಳು.

“ಪಾಪು ಯಾಕೆ ಅಳ್ತಿಲ್ಲ ಅಂತ ಕೇಳ್ತಿದಾರೆ,” ಎಂದಿತು ಗಿಣಿ. “ಏನು ಹೇಳಲಿ ಅಮ್ಮ?”

ನರ್ಸಮ್ಮ ಕೂಸಿಗೆ ಬಟ್ಟೆಯನ್ನು ಮತ್ತೆ ಸುತ್ತಿದಳು. ಆ ಒಂದು ಕ್ಷಣದಲ್ಲಿ ಅವಳು ಮಗಳನ್ನು ಹೊರಗೆ ಕಳಿಸಬಹುದಿತ್ತು. ಮೇಲಕ್ಕೆ ಕೂಗಿ ಆ ಭಾಷೆ ಬಲ್ಲ ಅತ್ತೆಯನ್ನು ಕರೆಯಬಹುದಿತ್ತು. ಆದರೆ ಎದುರಿಗಿದ್ದವಳ ಕಣ್ಣು ಅವಳನ್ನು ಇರಿಯುತ್ತಿತ್ತು. ಅತ್ತೆಯನ್ನು ಕರೆಯುವುದು, ಅದೂ ಆ ವಾರ... ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತು: “ಪಾಪು ಉಳೀಲಿಲ್ಲ ಅಂತ ಹೇಳು.”

ಗಿಣಿ ಕಾಲಾಡಿಸುವುದನ್ನು ನಿಲ್ಲಿಸಿತು. ಅದು ಸ್ಟೂಲಿನಿಂದ ಇಳಿದು, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ ಕೈ ಕಟ್ಟಿಕೊಂಡು, ಆ ಹೆಂಗಸಿನ ಮುಖ ನೋಡಿ, ಆ ಮಾತನ್ನು ಅವಳ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳಿತು.

ಹೆಂಗಸು ಕೈ ಎತ್ತಿ ಗಿಣಿಯ ಕೆನ್ನೆಗೆ ಬಾರಿಸಿದಳು. ಮಗು ಔಷಧಿ ಬೀರುವಿಗೆ ಹೋಗಿ ಬಿತ್ತು. ಗಾಜಿನ ಬಾಟಲುಗಳು ಗಲಗಲ ನಡುಗಿದವು.

ಕಾಯಿಸಿದ ನೀರಿನ ಪಾತ್ರೆ ಹಿಡಿದು ಇಳಿದು ಬಂದಿದ್ದ ಅತ್ತೆ ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದ್ದಳು. ಅವಳು ಪಾತ್ರೆಯನ್ನು ಕೆಳಗಿಟ್ಟು, ಆ ಹೆಂಗಸನ್ನು ಒಂದು ಮಾತೂ ಬಯ್ಯದೆ, ಅವಳೆದುರು ನೆಲದ ಮೇಲೆ ಕೂತಳು. ಎತ್ತಿದ ಆ ಕೈಯನ್ನು ತನ್ನ ಎರಡು ಕೈಗಳಲ್ಲಿ ಹಿಡಿದು ಅವಳ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿದಳು. ಹೆಂಗಸು ಬುಡ ಕಡಿದ ಮರದಂತೆ ಅವಳ ಮಡಿಲಿಗೆ ಉರುಳಿ ಗೋಳಾಡತೊಡಗಿದಳು. ಬಹಳ ಹೊತ್ತಿನ ಮೇಲೆ ಅತ್ತೆ ತಲೆಯೆತ್ತಿ ಸೊಸೆಯನ್ನು ನೋಡಿದಳು.

“ಈಗ ತೃಪ್ತಿಯಾಯ್ತಾ?”

ಸೊಸೆ ಮಗಳ ಕಡೆಗೆ ಕೈ ಚಾಚಿದಳು. ಗಿಣಿ ಅವಳ ಹತ್ತಿರ ಹೋಗಲಿಲ್ಲ. ಕೆನ್ನೆ ಹಿಡಿದುಕೊಂಡು ಅಜ್ಜಿಯ ಬೆನ್ನಿಗೆ ಅಂಟಿ ನಿಂತು ಕೇಳಿತು: “ಅಜ್ಜಿ, ನಾನು ತಪ್ಪು ಹೇಳಿದ್ನಾ?”

“ಇಲ್ಲ ಕಣೇ. ಸರಿಯಾಗೇ ಹೇಳ್ದೆ. ಅದಕ್ಕೇ ಹೊಡೆದ್ಲು.”

ಅಂದು ಸಂಜೆ ಚಾಪೆ ಹಾಸಿದಾಗ ಸೊಸೆ ಕಣ್ಣೊರೆಸಿಕೊಂಡು ಮೊಣಕಾಲೂರಿದಳು. ಗಿಣಿಯ ಕೆನ್ನೆಯ ಮೇಲೆ ಬೆರಳಿನ ಗುರುತು ಇನ್ನೂ ಇತ್ತು. ಅತ್ತೆ ಮುಖ ಮೇಲಕ್ಕೆತ್ತಿದಳು.

“ಸರ್ವವನ್ನೂ ಕಾಣುವ ಕರ್ತನೇ, ಈ ದಿನ ನೀನು ನೋಡಿದ್ದೀ. ಎಂಟು ವರ್ಷದ ಕೂಸಿನ ಬಾಯಿಯೊಳಗೆ ಮರಣದ ವಾರ್ತೆಯನ್ನು ಇಟ್ಟವಳನ್ನು ನೀನು ನೋಡಿದ್ದೀ. ತನ್ನ ಸೋಮಾರಿತನವನ್ನು ಸೇವೆಯೆಂದು ಕರೆದುಕೊಳ್ಳುವವಳನ್ನು, ಹೆತ್ತ ಮಗುವನ್ನೇ ಊರುಗೋಲು ಮಾಡಿಕೊಂಡವಳನ್ನು ನೀನು ಬಲ್ಲೆ. ಅವಳ ಕಣ್ಣೀರನ್ನು ನಂಬಬೇಡ ಕರ್ತನೇ, ಅವಳು—”

“ಆಮೆನ್,” ಎಂದ ಮಗ.

ಪ್ರಾರ್ಥನೆಯ ನಡುವೆ ಆಮೆನ್ ಹೇಳುವುದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಉಣ್ಣುತ್ತಿರುವವರ ಮುಂದಿನಿಂದ ತಟ್ಟೆ ಎಳೆದುಕೊಂಡ ಹಾಗಿತ್ತು ಅದು. ಅತ್ತೆ ಕಣ್ಣು ಬಿಟ್ಟಳು.

“ನಾನಿನ್ನೂ ಮುಗಿಸಿಲ್ಲ.”

“ನಾನು ಮುಗಿಸಿದೆ ಅಮ್ಮ.” ಅವನ ಧ್ವನಿ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ. “ಗಿಣಿ, ಕೆಳಗೆ ಹೋಗಿ ಆಟ ಆಡು. ಕರೆಯೋವರೆಗೂ ಮೇಲೆ ಬರಬೇಡ.”

ಮಗು ಮೆಟ್ಟಿಲಿಳಿದು ಹೋಗುವವರೆಗೂ ಅವನು ಕಾದ. ಆಮೇಲೆ ಕನ್ನಡಕ ತೆಗೆದು ನೆಲದ ಮೇಲಿಟ್ಟ.

“ಹಾಸ್ಟೆಲಲ್ಲಿ ನಮಗೂ ಸಂಜೆ ಹೀಗೇ ಮೊಣಕಾಲೂರಿಸ್ತಿದ್ರು ಅಮ್ಮ. ನನ್ನ ಪಕ್ಕದ ಮಂಚದ ಹುಡುಗನ ತಾಯಿ ತೀರಿಹೋದ್ರು. ಮಾರನೇ ದಿನವೇ ಅವನ ಪೆಟ್ಟಿಗೆ ಕಟ್ಟಿ ಮನೆಗೆ ಕರ್ಕೊಂಡು ಹೋದ್ರು. ನಾವೆಲ್ಲ ಕಿಟಕಿ ಹತ್ರ ನಿಂತು ನೋಡಿದ್ವಿ. ನನಗೆ ಎಷ್ಟು ಹೊಟ್ಟೆಕಿಚ್ಚಾಯ್ತು ಗೊತ್ತಾ? ಅವತ್ತಿಂದ ದಿನಾ ಬೇಡ್ಕೊಂಡೆ. ಕರ್ತನೇ, ನನ್ನ ಅಮ್ಮನ್ನೂ ಸಾಯಿಸು, ನಾನೂ ಮನೆಗೆ ಹೋಗ್ಬೇಕು ಅಂತ.”

ಅತ್ತೆ ಮಗನನ್ನೇ ನೋಡಿದಳು. “ಎಷ್ಟು ದಿನ ಬೇಡ್ಕೊಂಡೆ?”

“ರಜೆ ಬರೋವರೆಗೂ. ರಜೆಗೆ ಬಂದಾಗ ನೀನು ಬಾಗಿಲಲ್ಲಿ ನಿಂತಿದ್ದೆ, ನಗ್ತಾ. ನನಗೆ ಭಯ ಆಯ್ತು. ದೇವರು ನಿನಗೆ ಹೇಳಿಬಿಟ್ಟಿರ್ತಾನೆ ಅಂದ್ಕೊಂಡೆ. ಅವತ್ತಿಂದ ನಿನ್ನ ಮುಂದೆ ನನಗೆ ಮಾತು ಹೊರಡಲ್ಲ. ಉಪ್ಪು ಕೇಳೋಕೂ.”

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ಅವಳ ಕಡೆ ತಿರುಗಿದ.

“ನೀನು ಗೆದ್ದೆ ಅಂದ್ಕೋಬೇಡ. ಅಮ್ಮ ಹೇಳಿದ್ದು ಕ್ರೂರ, ಆದರೆ ಸುಳ್ಳಲ್ಲ. ನಾಲ್ಕು ವರ್ಷದಿಂದ ಆ ಮಗು ಬಾಯಲ್ಲಿ ನೀನು ಮಾತಾಡ್ತಿದೀಯ. ನಾನೂ ನೋಡ್ತಿದ್ದೆ. ನೋಡಿ ನೋಡಿ ಛಾವಣಿಗೋಸ್ಕರ ಪ್ರಾರ್ಥನೆ ಮಾಡ್ತಿದ್ದೆ.” ಅವನು ಎದ್ದು ನಿಂತ. “ಮಗು ಎಲ್ಲಿಗೂ ಹೋಗಲ್ಲ. ಆ ಸ್ಟೂಲಿಗೂ ಹೋಗಲ್ಲ.”

ಅತ್ತೆ ಗೋಡೆ ಹಿಡಿದು ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೆ ಬರಲಿಲ್ಲ. ಕರೆಯಲು ಸೊಸೆಯೂ ಹೋಗಲಿಲ್ಲ.

ಬೆಳಿಗ್ಗೆ ನರ್ಸಮ್ಮ ಔಷಧಿ ಕೋಣೆಗೆ ಬೀಗ ಹಾಕಿದಳು. ತಾನೇ ಗೋಡೆಗೆ ಸುಣ್ಣ ಬಳಿದು, ತಾನೇ ಬೀರು ತುಂಬಿಸಿ, ತಾನೇ ಹೆಸರು ಗಳಿಸಿದ ಕೋಣೆ. ಬೀದಿಯಲ್ಲಿ ಅವಳಿಗಿದ್ದ ಮರ್ಯಾದೆಯೆಲ್ಲ ಆ ಕೋಣೆಯದೇ. ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಮೇಲೆ ಬಂದು ಅತ್ತೆಯ ಬಾಗಿಲು ತಟ್ಟಿದಳು. ಅತ್ತೆ ಹಾಸಿಗೆಯ ತುದಿಯಲ್ಲಿ ಕೂತಿದ್ದಳು. ಕಣ್ಣು ಊದಿದ್ದರೂ ನೋಟ ಮೊಂಡಾಗಿರಲಿಲ್ಲ.

“ಏನು? ಬಯ್ಯೋಕೆ ಬಂದ್ಯಾ?”

“ಭಾಷೆ ಕಲಿಯೋಕೆ ಬಂದೆ.”

“ಊರಲ್ಲಿ ಮೇಷ್ಟ್ರುಗಳಿಗೆ ಬರಗಾಲನಾ?”

“ಮೇಷ್ಟ್ರುಗಳು ವ್ಯಾಕರಣ ಕಲಿಸ್ತಾರೆ. ನಿನ್ನೆ ಆ ಹೆಂಗಸಿಗೆ ನೀವು ಹೇಳಿದಿರಲ್ಲ, ಅದನ್ನ ಕಲಿಸಲ್ಲ.”

ಅತ್ತೆ ಅವಳನ್ನು ಅಳೆದು ನೋಡಿದಳು. “ಹಾಸ್ಟೆಲಿನ ಜಾಗ ಬೇಡ ಅಂತ ಈಗ ತಾನೇ ಫೋನ್ ಮಾಡಿ ಹೇಳಿದೆ. ನಿನಗೋಸ್ಕರ ಅಲ್ಲ, ಉಬ್ಬಬೇಡ. ಒಂದು ಮಗು ನನ್ನ ಸಾವು ಬೇಡ್ಕೊಂಡಿದ್ದು ಸಾಕು.” ಕಾಲ ಬಳಿಯ ನೆಲ ತೋರಿಸಿದಳು. “ಕೂತ್ಕೋ. ಮಂಚದ ಮೇಲಲ್ಲ, ಕೆಳಗೆ. ನಾನು ಒಪ್ಪೋವರೆಗೂ ಆ ಕೋಣೆ ಬೀಗ ತೆಗೀಬಾರದು. ಜನ ಬಂದು ಬಾಗಿಲು ಬಡಿದ್ರೂ ತೆಗೀಬಾರದು. ಆಯ್ತಾ?”

“ಆಯ್ತು.”

“ನಿನ್ನೆ ಮಗು ಕೈಲಿ ಹೇಳಿಸಿದೆಯಲ್ಲ, ಅದೇ ಮೊದಲನೇ ಪಾಠ. ಹೇಳು.”

ಅತ್ತೆ ಆ ವಾಕ್ಯವನ್ನು ಹೇಳಿದಳು. ಸೊಸೆ ಹೇಳಿದಳು. “ಇದು ನೆಗಡಿ ಆಯ್ತು ಅನ್ನೋ ಥರ ಇದೆ. ಮತ್ತೆ ಹೇಳು.” ಸೊಸೆ ಮತ್ತೆ ಹೇಳಿದಳು. “ಅವಸರ ಬೇಡ. ಕೇಳೋಳಿಗೆ ಉಸಿರು ಬಿಡೋಕೆ ಜಾಗ ಕೊಡು. ಮತ್ತೆ.” ಹೀಗೇ ಬೆಳಗಿನ ಹೊತ್ತೆಲ್ಲ ಸರಿಯಿತು. ಕೊನೆಗೆ ಬೇಸತ್ತು, ಸೋತು, ಸೊಸೆ ಕೇಳಿದಳು: “ನಿಮಗೆ ಇದನ್ನ ಯಾರು ಕಲಿಸಿದ್ರು ಅತ್ತೆ?”

“ಯಾರೂ ಕಲಿಸ್ಲಿಲ್ಲ. ನನಗೇ ಹೇಳಿದ್ದು.”

ಸೊಸೆ ತಲೆಯೆತ್ತಿದಳು. ಅತ್ತೆ ಕಿಟಕಿಯ ಕಡೆ ನೋಡುತ್ತಿದ್ದಳು.

“ಇವನಿಗಿಂತ ಮುಂಚೆ ಒಂದು ಹೆಣ್ಣು. ನಾವು ಇಲ್ಲಿಗೆ ಬಂದು ವರ್ಷ ತುಂಬಿರಲಿಲ್ಲ. ಜ್ವರ ಅಂತ ಆಸ್ಪತ್ರೆಗೆ ಎತ್ಕೊಂಡು ಹೋದೆ, ನಿನ್ನ ಮಾವ ಬೇರೆ ಊರಲ್ಲಿ ಸೇವೆಗೆ ಹೋಗಿದ್ರು. ನರ್ಸ್ ಆಚೆ ಬಂದು ಹೇಳಿದ್ಲು. ನನಗೆ ಅರ್ಥ ಆಗ್ಲಿಲ್ಲ. ಊರಿಂದ ಕಳಿಸುವಾಗ ನಮಗೆ ಹೇಳಿಕೊಟ್ಟಿದ್ರಲ್ಲ, ಭಾಷೆ ಬರದಿದ್ರೆ ನಗ್ತಾ ಇರಿ, ನಗು ಎಲ್ಲರಿಗೂ ಅರ್ಥ ಆಗತ್ತೆ ಅಂತ... ನಾನು ನಕ್ಕೆ. ತಲೆ ಆಡಿಸ್ದೆ. ಅವಳು ಮತ್ತೆ ಹೇಳಿದ್ಲು. ಮತ್ತೆ ನಕ್ಕೆ. ಅವಳು ನನ್ನನ್ನ ರಾಕ್ಷಸಿ ನೋಡಿದ ಹಾಗೆ ನೋಡಿ ಎರಡು ಹೆಜ್ಜೆ ಹಿಂದೆ ಹೋದ್ಲು.” ಅತ್ತೆ ಸೀರೆಯ ನೆರಿಗೆಯನ್ನು ಬೆರಳಿಂದ ಮಡಿಸಿದಳು, ಬಿಡಿಸಿದಳು. “ಅವನನ್ನ ಯಾಕೆ ಹಾಸ್ಟೆಲಿಗೆ ಕಳಿಸಿದೆ ಅಂತ ಕೇಳ್ತೀಯಲ್ಲ ಯಾವಾಗ್ಲೂ. ಇಲ್ಲಿ ಇಟ್ಕೊಂಡ್ರೆ ಉಳೀತಾನೆ ಅನ್ನೋ ಧೈರ್ಯ ನನಗಿರಲಿಲ್ಲ. ಈ ಊರಿನ ಜ್ವರ ಮುಟ್ಟದ ಕಡೆ ಬೆಳೀಲಿ ಅಂದ್ಕೊಂಡೆ. ಅವನು ಅಲ್ಲಿ ಕೂತು ನನ್ನ ಸಾವು ಬೇಡ್ಕೋತಿದ್ದ...”

ಸೊಸೆ ಅವಳ ಮೊಣಕಾಲಿನ ಮೇಲೆ ಕೈ ಇಟ್ಟಳು. ಅತ್ತೆ ಆ ಕೈಯನ್ನು ಎತ್ತಿ ಪಕ್ಕಕ್ಕಿಟ್ಟಳು.

“ಇದನ್ನ ಅವನಿಗೆ ಹೇಳಬೇಡ. ಅಳೋಕೆ ಅಂತ ಪಾಠ ನಿಲ್ಲಿಸಲೂಬೇಡ. ಮತ್ತೆ ಹೇಳು.”

ಅಂದಿನಿಂದ ಅತ್ತೆ ಸೊಸೆಯರ ನಡುವೆ ಪ್ರೀತಿ ಉಕ್ಕಿ ಹರಿಯಿತು ಎಂದು ಬರೆದರೆ ಓದುವವರಿಗೆ ಸಂತೋಷವಾಗುತ್ತದೆ, ಆದರೆ ಸುಳ್ಳಾಗುತ್ತದೆ. ಅತ್ತೆ ಕ್ಷಮಿಸುವ ಮೇಷ್ಟ್ರಲ್ಲ. “ನಿನ್ನ ನಾಲಿಗೆಗೆ ಸಂಧಿವಾತ” ಎಂದಳು. “ಗಿಣಿ ಹೊಟ್ಟೆಯಲ್ಲಿದ್ದಾಗಲೇ ಇದಕ್ಕಿಂತ ಚೆನ್ನಾಗಿ ಮಾತಾಡ್ತಿತ್ತು” ಎಂದಳು. ರೋಗಿಗಳು ಬಂದು ಬೀಗ ನೋಡಿ ಶಾಪ ಹಾಕಿ ಹೋದರು. ಹಿಮ್ಮಡಿಯ ಹುಣ್ಣಿನ ಮುದುಕ ಮೆಟ್ಟಿಲ ಮೇಲೆ ಕೂತು ಮೇಲಕ್ಕೆ ಮುಖ ಮಾಡಿ ಬಯ್ದ. ಇವರನ್ನು ಸೇವೆಗೆ ಕಳಿಸಿದ ಸ್ವದೇಶದ ಸಂಘದವರು ಕೋಣೆ ಮುಚ್ಚಿದ್ದೇಕೆಂದು ಫೋನಿನಲ್ಲಿ ಪಾದ್ರಿಯನ್ನು ದಬಾಯಿಸಿದರು. ಅವನು ಅವರಿಗೆ ಉತ್ತರ ಕೊಟ್ಟ, ನಿಧಾನವಾಗಿ, ಎದುರು ಮಾತಾಡಿಯೇ ಕೊಟ್ಟ. ನರ್ಸಮ್ಮ ಬೈಗುಳಗಳಿಗೆ ಕಿವಿ ಮುಚ್ಚಿಕೊಂಡು ಕಲಿತಳು. ಸಂತೆಯಲ್ಲಿ, ನಲ್ಲಿಯ ಹತ್ತಿರ, ದರ್ಜಿ ಹೆಂಗಸಿನ ಅಂಗಡಿಯಲ್ಲಿ ನಗೆಪಾಟಲಾಗಿ ಕಲಿತಳು. ಗಿಣಿ ಬೀದಿಯಲ್ಲಿ ಹಗ್ಗ ಹಾರುತ್ತಿತ್ತು. ಆದರೆ ಔಷಧಿ ಕೋಣೆಯ ಮುಂದೆ ಹಾದುಹೋಗುವಾಗ ರಸ್ತೆಯ ಆಚೆ ಬದಿಗೆ ಹೋಗುತ್ತಿತ್ತು. ಅದನ್ನು ಮೇಲಿನ ಕಿಟಕಿಯಿಂದ ನೋಡುತ್ತಾ ತಾಯಿ ಕಲಿತಳು.

ಕೆಲವು ತಿಂಗಳ ಮೇಲೆ ಒಂದು ಶನಿವಾರ ಅತ್ತೆ ಚಪ್ಪಲಿ ಮೆಟ್ಟಿಕೊಂಡಳು. “ಬಾ,” ಎಂದಳಷ್ಟೇ.

ಇಬ್ಬರೂ ಊರಾಚೆಯ ಕಲ್ಲುದಾರಿ ಹಿಡಿದು ಒಂದು ತಗಡಿನ ಮನೆಗಳ ಓಣಿಗೆ ಬಂದರು. ಅತ್ತೆ ತಿರುವಿನಲ್ಲೇ ನಿಂತಳು. “ಆ ನೀಲಿ ಬಾಗಿಲು. ನಾನು ಬರಲ್ಲ. ಇದು ನಿನ್ನದು.”

ಸೊಸೆ ಹೋಗಿ ಬಾಗಿಲು ತಟ್ಟಿದಳು. ಅದೇ ಹೆಂಗಸು ಬಾಗಿಲನ್ನು ಅರ್ಧ ತೆರೆದು, ಗುರುತು ಹಿಡಿದು, ಮುಖ ಗಂಟಿಕ್ಕಿದಳು. ಸೊಸೆ ನಗಲಿಲ್ಲ. ಅವಳ ಭಾಷೆಯಲ್ಲೇ, ಅವಸರಪಡದೆ, ಹೇಳಬೇಕಾದ್ದನ್ನು ಹೇಳಿದಳು. ಅಂದು ನಿಮ್ಮ ಮಗು ಉಳಿಯಲಿಲ್ಲ ಎಂದು ನಾನೇ ಹೇಳಬೇಕಿತ್ತು. ನನ್ನ ಮಗಳ ಕೈಲಿ ಹೇಳಿಸಿದ್ದು ತಪ್ಪು. ನಿಮಗೂ ತಪ್ಪು ಮಾಡಿದೆ, ಅವಳಿಗೂ ಮಾಡಿದೆ.

ಹೆಂಗಸು ಕೇಳಿಸಿಕೊಂಡಳು. ಆಮೇಲೆ ಅವಳ ಬಾಯಿಂದ ಮಾತು ಕಟ್ಟೆಯೊಡೆದು ಬಂತು. ಅಕ್ಕಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಸೊಸೆ ಕದಲದೆ ನಿಂತಳು, ಬಾಗಿಲು ಅವಳ ಮುಖಕ್ಕೆ ಬಡಿಯುವವರೆಗೂ.

ತಿರುವಿನಲ್ಲಿ ಅತ್ತೆ ಕಾದಿದ್ದಳು. “ಏನಂದ್ಲು?”

“ಬಯ್ದ್ಲು.”

“ಏನಂತ ಬಯ್ದ್ಲು?”

ಸೊಸೆ ಹೇಳಿದಳು. ತನ್ನನ್ನು ಪರದೇಶದ ಶನಿ ಎಂದದ್ದನ್ನು, ಕೈಗುಣವಿಲ್ಲದವಳು ಎಂದದ್ದನ್ನು, ಬೀಗ ಹಾಕಿಕೊಂಡು ಮನೆಯಲ್ಲಿ ಕೂತವಳಿಗೆ ಬೇರೆಯವರ ಮಕ್ಕಳ ಚಿಂತೆ ಯಾಕೆ ಎಂದು ಕೇಳಿದ್ದನ್ನು, ನಡುವೆ ಒಂದೆರಡು ಪೋಲಿ ಬೈಗುಳಗಳನ್ನೂ ಬಿಡದೆ, ಮೊದಲಿಂದ ಕೊನೆಯವರೆಗೂ ಒಪ್ಪಿಸಿದಳು. ಹೇಳುತ್ತಾ ಹೇಳುತ್ತಾ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

“ಎಲ್ಲಾ ಅರ್ಥ ಆಯ್ತಾ?”

“ಎಲ್ಲಾ ಅರ್ಥ ಆಯ್ತು ಅತ್ತೆ.”

ಅತ್ತೆ ಕಲ್ಲುದಾರಿಯಲ್ಲಿ ಮುಂದೆ ನಡೆಯತೊಡಗಿದಳು. ಹಿಂದಿರುಗಿ ನೋಡದೆಯೇ ಹೇಳಿದಳು:

“ಹಾಗಾದ್ರೆ ಸೋಮವಾರ ಬೀಗ ತೆಗಿ.”